ನೆಲಮಹಡಿಯ ಮನೆ ಬೇಕಾಗಿದೆ

ಬೆಳಿಗ್ಗೆ ಬರಬೇಕಾಗಿದ್ದವರು ಮಧ್ಯಾಹ್ನ ಬರುತ್ತೇವೆ ಎಂದರು. ಆದದ್ದು ಇಷ್ಟೇ. ಇಷ್ಟರಿಂದ ಒಂದು ಸಂಸಾರ ಬೀದಿಗೆ ಬರುವುದರಲ್ಲಿತ್ತು ಅಂದರೆ ಯಾರೂ ನಂಬುವುದಿಲ್ಲ. ಒಮ್ಮೆಯಾದರೂ ಮನೆ ಮಾರಿದವರು, ಕೊಂಡವರು ಮಾತ್ರ ಹೂಂ ಅಂತ ತಲೆಯಾಡಿಸುತ್ತಾರೆ.

ಬಸ್ ನಿಲ್ದಾಣದ ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ನಮ್ಮ ಅನೌನ್ಸರ ಕೆಲಸ. ದೇವರು ಆ ಮನುಷ್ಯನಿಗೆ ಎತ್ತರ ಕೊಡಲಿಲ್ಲ, ತಲೆಯ ಮೇಲೆ ಕೂದಲು ಉಳಿಸಲಿಲ್ಲ. ಕೊಡಬೇಕಾದ್ದನ್ನೆಲ್ಲ ಒಟ್ಟಿಗೆ ಗಂಟಲಿಗೇ ಸುರಿದುಬಿಟ್ಟಿದ್ದ. ಆ ಧ್ವನಿಯಲ್ಲಿ ಬಂದದ್ದನ್ನು ಜನ ಕಣ್ಣುಮುಚ್ಚಿ ನಂಬುತ್ತಿದ್ದರು. ಒಂದು ಸಲ ಅವರು ತಪ್ಪು ಪ್ಲಾಟ್‌ಫಾರಂ ಹೇಳಿದಾಗ, ತಮ್ಮ ಬಸ್ಸು ಎದುರಿಗೇ ನಿಂತಿದ್ದರೂ ಜನ ಅದನ್ನು ಬಿಟ್ಟು ಅವರು ಹೇಳಿದ ಕಡೆಗೆ ಓಡಿದ್ದರು. ಹಿಂದೆ ಡ್ರೈವರೂ ಇಳಿದು ಓಡಿದ್ದನಂತೆ.

ಅವರಿಗಿದ್ದ ಕಷ್ಟ ಒಂದೇ. ಎದುರಿಗೆ ಬರೆದಿಟ್ಟದ್ದನ್ನು, ಇಲ್ಲವೇ ಬಾಯಿಪಾಠ ಮಾಡಿದ್ದನ್ನು ಮಾತ್ರ ಅವರು ನೀರು ಕುಡಿದಂತೆ ಹೇಳಬಲ್ಲರು. ಸ್ವಂತ ಮಾತಿಗೆ ಹೊರಟರೆ ನಾಲಗೆ ತಡವರಿಸುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಬೇಕಾಗಿದ್ದ ನಾಲ್ಕು ಪ್ರೀತಿಯ ಮಾತನ್ನೂ ಅವರು ಹಿಂದಿನ ದಿನವೇ ಉರು ಹೊಡೆದಿದ್ದರು. ಪಾಪ, ಆಕೆಗೆ ಇವತ್ತಿಗೂ ಅದು ಗೊತ್ತಿಲ್ಲ.

ಈಗ ಆ ಹೆಂಡತಿಯ ಮಂಡಿ ಕೈಕೊಟ್ಟಿತ್ತು. ಅವರ ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೊದಮೊದಲು ಕಟಕಟೆ ಹಿಡಿದು ಇಳಿಯುತ್ತಿದ್ದರು, ಆಮೇಲೆ ಹಿಮ್ಮುಖವಾಗಿ ಇಳಿದರು, ಆಮೇಲೆ ಇಳಿಯುವುದನ್ನೇ ಬಿಟ್ಟರು. ಸಂತೆ, ಅಂಗಡಿ, ಗೆಳತಿಯರು ಎಲ್ಲ ಕಿಟಕಿಯ ಕೆಳಗೇ ಉಳಿದುಹೋಯಿತು. ತರಕಾರಿಯವಳಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಟ್ಟು, ಮೇಲಿನಿಂದಲೇ ಚೌಕಾಸಿ. ಬೀದಿಯಲ್ಲಿ ಹೋಗುವವರ ನೆತ್ತಿ ನೋಡಿಯೇ ಇಂಥವರು ಅಂತ ಗುರುತು ಹಿಡಿಯುವಷ್ಟು ಅಭ್ಯಾಸವಾಗಿತ್ತು ಆಕೆಗೆ. ಒಂದು ಸಂಜೆ ಅನೌನ್ಸರು ಕೆಲಸ ಮುಗಿಸಿ ಬರುವಾಗ ಮೇಲಿನಿಂದ, "ನಿಮ್ಮ ಬಕ್ಕ ತಲೆ ಬಿಟ್ರೆ ನಿಮ್ಮ ಮುಖ ನನಗೆ ಮರ್ತೇ ಹೋಗ್ತಿದೆ ಕಣ್ರೀ" ಎಂದು ನಗುತ್ತ ಹೇಳಿದರು. ಅನೌನ್ಸರು ನಗಲಿಲ್ಲ. ಮೆಟ್ಟಿಲು ಹತ್ತುವಷ್ಟರಲ್ಲಿ ಮನೆ ಮಾರುವುದೆಂದು ತೀರ್ಮಾನಿಸಿದ್ದರು.

ಬೀಗದಕೈ ಬಂದದ್ದು ಹಾಗೆ. ಅದು ಮನೆ ಮಾರಿಸುವ ಏಜೆಂಟನ ಅಡ್ಡಹೆಸರು. ಊರಿನ ಅರ್ಧ ಖಾಲಿ ಮನೆಗಳ ಕೀಲಿ ಅವನ ಸೊಂಟದಲ್ಲಿ ನೇತಾಡುತ್ತಿತ್ತು. ಅವನು ಬರುವುದು ಕಾಣಿಸುವ ಮೊದಲೇ ಕೇಳಿಸುತ್ತಿತ್ತು.

"ಮಾರೋದಕ್ಕೂ ನಾನೇ, ಕೊಳ್ಳೋದಕ್ಕೂ ನಾನೇ ಸಾರ್. ನೀವು ಆರಾಮಾಗಿ ಕಾಲು ಚಾಚ್ಕೊಂಡು ಕೂತ್ಕೊಳ್ಳಿ" ಎಂದ.

ಅವನ ಕೈಯಲ್ಲಿ ಒಬ್ಬ ರಿಟೈರಾದ ನರ್ಸಮ್ಮನ ನೆಲಮಹಡಿಯ ಮನೆ ಮಾರಾಟಕ್ಕಿತ್ತು. ಆಕೆ ಅದನ್ನು ಮಾರಿ ತಂಗಿಯ ಊರಿಗೆ ಹೋಗುವವರಿದ್ದರು. ಅನೌನ್ಸರ ಮನೆ ಕೊಳ್ಳಲು ಒಬ್ಬ ಹಾರ್ಡ್‌ವೇರ್ ಅಂಗಡಿಯವರು ಸಿದ್ಧರಿದ್ದರು. ಅವರಿಗೂ ಬೀಗದಕೈಯೇ ಏಜೆಂಟು. ಅನೌನ್ಸರ ಹೆಂಡತಿ ಇದನ್ನೆಲ್ಲ ಕೇಳಿ, ಗಂಡನ ಕಡೆ ತಿರುಗಿ, "ನಮಗೂ ಇವರೇ, ಸಿಸ್ಟರಿಗೂ ಇವರೇ, ಅಂಗಡಿಯವರಿಗೂ ಇವರೇ. ಹಾಗಾದ್ರೆ ಇವರು ಯಾರ ಕಡೆ ರೀ?" ಎಂದರು.

"ಎಲ್ಲರ ಕಡೆ ಅಮ್ಮಾವ್ರೇ" ಎಂದು ಬೀಗದಕೈ ಹಲ್ಲು ಕಿರಿದ.

ಮನೆ ನೋಡುವ ದಿನದ ಹಿಂದಿನ ಸಂಜೆ ಅವನು ಅನೌನ್ಸರಿಗೆ ಎರಡು ಪಾಠ ಹೇಳಿಕೊಟ್ಟಿದ್ದ. ಮಾರುವಾಗ ಮುಖದಲ್ಲಿ ನಗು ಇರಬೇಕು, ಮನೆಯನ್ನು ಮಗಳನ್ನು ಹೊಗಳಿದ ಹಾಗೆ ಹೊಗಳಬೇಕು. ಕೊಳ್ಳುವಾಗ ಅಳುಮೋರೆ ಹಾಕಿಕೊಳ್ಳಬೇಕು, ಚಿನ್ನದ ಬಾಗಿಲು ಕಂಡರೂ ತುಕ್ಕು ಹಿಡಿದಿದೆ ಅನ್ನಬೇಕು. ಬೆಳಿಗ್ಗೆ ಹಾರ್ಡ್‌ವೇರಿನವರು ಬರುತ್ತಾರೆ, ಮಧ್ಯಾಹ್ನ ನರ್ಸಮ್ಮನ ಮನೆಗೆ ಹೋಗುವುದು. ಅನೌನ್ಸರು ಅದಕ್ಕೆ ತಕ್ಕಂತೆ ಎದ್ದವರೇ ಮೊದಲ ಪಾಠ ಶುರು ಮಾಡಿದರು. ಹಲ್ಲುಜ್ಜುತ್ತ, ಸ್ನಾನ ಮಾಡುತ್ತ, ಇಸ್ತ್ರಿ ಹಾಕುತ್ತ, "ಗಾಳಿ ಬೆಳಕಿಗೆ ಕೊರತೆಯಿಲ್ಲ, ಗೋಡೆ ಕಲ್ಲಿನ ಹಾಗೆ ಗಟ್ಟಿ, ಕಾಲಿಟ್ಟರೆ ಮನಸ್ಸಿಗೆ ನೆಮ್ಮದಿ" ಎಂದು ಉರು ಹೊಡೆದರು. ಎರಡನೇ ಪಾಠಕ್ಕೆ ಊಟದ ಹೊತ್ತಿನವರೆಗೆ ಸಮಯವಿದೆಯಲ್ಲ ಎಂಬ ಧೈರ್ಯ.

ಆಗ ಬಂತು ಫೋನು. ಹಾರ್ಡ್‌ವೇರಿನವರಿಗೆ ಲಾರಿ ಮಾಲು ಬಂದಿದೆ, ಮಧ್ಯಾಹ್ನ ಬರುತ್ತಾರಂತೆ. "ಮೊದಲು ಸಿಸ್ಟರ್ ಮನೆ ನೋಡ್ಬಿಡೋಣ. ಕೆಳಗಿದೀನಿ, ಬನ್ನಿ" ಎಂದ ಬೀಗದಕೈ.

"ಪಾಠ ಬದಲಾಗತ್ತೆ, ನೆನಪಿದ್ಯಾ?" ಎಂದು ಹೆಂಡತಿ ಬಾಗಿಲಲ್ಲಿ ಎಚ್ಚರಿಸಿದರು.

"ದಾರೀಲಿ ಕಲಿತ್ಕೋತೀನಿ" ಎಂದು ಅನೌನ್ಸರು ಇಳಿದರು. ಆದರೆ ಬೀಗದಕೈಯ ಸ್ಕೂಟರಿನ ಹಿಂದೆ ಕೂತವರಿಗೆ ಜೀವ ಹಿಡಿದುಕೊಳ್ಳುವುದನ್ನು ಬಿಟ್ಟು ಬೇರೇನನ್ನೂ ಕಲಿಯಲು ಆಗುವುದಿಲ್ಲ.

ನರ್ಸಮ್ಮನ ಮನೆ ಬೀದಿಗೆ ಒಂದೇ ಮೆಟ್ಟಿಲು. ಆ ಒಂದು ಮೆಟ್ಟಿಲು ನೋಡಿಯೇ ಅನೌನ್ಸರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಳಗೆ ಪುಟ್ಟ ಹಜಾರ, ಮೊಣಕಾಲಿನ ಮಟ್ಟದಿಂದಲೇ ಶುರುವಾಗುವ ಕಿಟಕಿ, ಹಿತ್ತಿಲಲ್ಲಿ ಪೇರಲೆ ಮರ, ಅದರ ಕೆಳಗೊಂದು ಸಿಮೆಂಟಿನ ಬೆಂಚು. ಹೆಂಡತಿ ಈ ಬೆಂಚಿನ ಮೇಲೆ ಕೂತು ತರಕಾರಿಯವಳ ಜೊತೆ ಮುಖಾಮುಖಿ ಜಗಳವಾಡುವ ಚಿತ್ರ ಕಣ್ಣಿಗೆ ಕಟ್ಟಿತು. ಅಳುಮೋರೆ ಹಾಕಲು ನೋಡಿದರು. ಮುಖ ಕೇಳಲಿಲ್ಲ.

"ಹೇಗಿದೆ ಮನೆ?" ಎಂದು ನರ್ಸಮ್ಮ ಅಷ್ಟೇನೂ ಆಸಕ್ತಿ ಇಲ್ಲದೆ ಕೇಳಿದರು. ಬಂದವರು ಮೂಗು ಮುರಿಯುವುದನ್ನು ನೋಡಿ ನೋಡಿ ಆಕೆಗೆ ರೂಢಿಯಾಗಿತ್ತು.

ಅನೌನ್ಸರು ಬಾಯಿ ತೆರೆದರು. ಬೆಳಗಿನಿಂದ ತುದಿನಾಲಗೆಯಲ್ಲಿ ಕಾದು ನಿಂತಿದ್ದ ಪಾಠ ಹೊರಟೇಬಿಟ್ಟಿತು.

"ಗಾಳಿ ಬೆಳಕಿಗೆ ಕೊರತೆಯಿಲ್ಲ. ಗೋಡೆ ಕಲ್ಲಿನ ಹಾಗೆ ಗಟ್ಟಿ. ಕಾಲಿಟ್ಟರೆ ಮನಸ್ಸಿಗೆ ನೆಮ್ಮದಿ."

ಬೀಗದಕೈ ಅವರ ಕಾಲು ತುಳಿದ. ಅನೌನ್ಸರು ಕಾಲು ಎಳೆದುಕೊಂಡರೇ ಹೊರತು ಮಾತು ನಿಲ್ಲಿಸಲಿಲ್ಲ. ಅಷ್ಟೇ ಅಲ್ಲ, ಬಾಯಿಪಾಠ ಮುಗಿದ ಮೇಲೂ ಜೀವನದಲ್ಲಿ ಮೊದಲ ಸಲ ಅವರಿಗೆ ಸ್ವಂತ ಮಾತು ತಾನಾಗಿ ಬಂತು. ಈ ಕಿಟಕಿಯಲ್ಲಿ ಕೂತರೆ ಬೀದಿಯವರ ನೆತ್ತಿಯಲ್ಲ, ಮುಖ ಕಾಣುತ್ತದೆ. ಈ ಹೊಸ್ತಿಲು ಎಷ್ಟು ಜನರ ಪಾದಕ್ಕೆ ಸವೆದು ನುಣುಪಾಗಿದೆ. ಈ ಮರದ ಕೆಳಗೆ ಕೂತವರಿಗೆ ಮುಪ್ಪು ಸುಲಭವಾಗಿ ಬರಲಾರದು. ಮೈಕಿಲ್ಲದೆಯೂ ಆ ಧ್ವನಿ ಹಜಾರದ ತುಂಬ ತುಂಬಿಕೊಂಡಿತು. "ಇಂಥ ಮನೆ ಬಿಟ್ಟು ಹೋಗೋಕೆ ನಿಮಗೆ ಹೇಗಾದ್ರೂ ಮನಸ್ಸು ಬಂತು ಸಿಸ್ಟರ್?" ಎಂದು ಕೊನೆಗೆ ಕೇಳಿಯೂಬಿಟ್ಟರು.

ನರ್ಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಬಂದೋರೆಲ್ಲ ಗೋಡೆ ಕೆರೆದು ನೋಡ್ತಿದ್ರು. ನಾನೂ ಇದು ಹಾಳು ಕೊಂಪೆ ಅಂತಲೇ ಅಂದ್ಕೊಂಡಿದ್ದೆ. ನೀವು ಬಂದದ್ದು ಒಳ್ಳೇದಾಯ್ತು ನೋಡಿ. ಏನು ಅಂತ ಏಜೆಂಟರಿಗೆ ಫೋನ್ ಮಾಡಿ ಹೇಳ್ತೀನಿ" ಎಂದರು.

ಗೇಟು ದಾಟುತ್ತಲೇ ಬೀಗದಕೈ ತಲೆ ತಲೆ ಚಚ್ಚಿಕೊಂಡ. "ಏನ್ ಸಾರ್ ನೀವು. ಕೊಳ್ಳೋಕೆ ಬಂದೋರು ಯಾರಾದ್ರೂ ಹಾಗೆ ಹಾಡಿ ಹೊಗಳ್ತಾರಾ? ಬೆಲೆ ಆಕಾಶಕ್ಕೆ ಹತ್ತಿಸಿಬಿಟ್ರಿ. ಆಗಿದ್ದು ಆಯ್ತು. ಸಂಜೆ ಇನ್ನೊಂದ್ಸಲ ಕರ್ಕೊಂಡ್ ಬರ್ತೀನಿ. ಆಗಾದ್ರೂ ಸರಿಯಾಗಿ ದೂರಬೇಕು, ತಿಳೀತಾ?"

"ಆಕೆಗೆ ಸಂತೋಷ ಆಯ್ತಲ್ಲ."

"ಅದೇ ಸಾರ್ ನನ್ನ ಹೆದರಿಕೆ" ಎಂದ ಬೀಗದಕೈ.

ಮನೆಗೆ ಬಂದು ಅನೌನ್ಸರು ಹೆಂಡತಿಗೆ ಬೆಂಚು, ಮರ, ಕಿಟಕಿ ಎಲ್ಲ ವರ್ಣಿಸಿದರು. ಆಕೆ ಕಣ್ಣರಳಿಸಿ ಕೇಳಿದರು. ಮೆಟ್ಟಿಲು ಎಷ್ಟು ಎತ್ತರ ಅಂತ ಕೈಯಲ್ಲಿ ಅಳತೆ ತೋರಿಸಲು ಹೇಳಿದರು, ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಧ್ಯೆ ಎದುರುಮನೆಯ ಪೋಸ್ಟ್‌ಮಾಸ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ರಿಟೈರಾದ ಮೇಲೆ ಜಗತ್ತಿನ ಟಪಾಲು ಅವರ ಕೈತಪ್ಪಿತ್ತು. ಆದ್ದರಿಂದ ಪಕ್ಕದವರ ವಿಷಯವನ್ನಾದರೂ ವಿಂಗಡಿಸಿ ಕೊಡೋಣ ಅಂತ ಅವರು ಪಣ ತೊಟ್ಟಿದ್ದರು.

"ನಿಮಗೆ ದೂರೋಕೆ ಬರಲ್ಲ, ಅದೇ ರೋಗ" ಎಂದು ವಿಷಯವೆಲ್ಲ ಕೇಳಿ ತೀರ್ಪು ಕೊಟ್ಟರು. "ಸಂಜೆಗೆ ಅಭ್ಯಾಸ ಮಾಡಿ. ಈ ಮನೇನೇ ಸಿಸ್ಟರ್ ಮನೆ ಅಂದ್ಕೊಳ್ಳಿ. ನಾನೇ ಸಿಸ್ಟರು. ಬಾಗಿಲು ಹಾಕ್ಬೇಡಿ, ಸೆಕೆ. ಹೂಂ, ಶುರು ಮಾಡಿ."

"ಈ ನಲ್ಲಿ... ಸ್ವಲ್ಪ... ತೊಟ್ಟಿಕ್ಕತ್ತೆ ಅನ್ಸತ್ತೆ" ಎಂದರು ಅನೌನ್ಸರು ಅಂಜುತ್ತ.

"ಥೂ. ಕ್ಷಮೆ ಕೇಳಿದ ಹಾಗಿದೆ. ಮೈಕಲ್ಲಿ ಹೇಳ್ತೀರಲ್ಲ, ಹಾಗೆ ಹೇಳಿ. ಬಾಯಿಪಾಠ ಮಾಡಿ."

ಮೈಕು ಅಂದದ್ದೇ ಸಾಕಾಯಿತು. ಅನೌನ್ಸರು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು, ಗಂಟಲು ಸರಿಮಾಡಿಕೊಂಡು, ಹಜಾರದ ಮಧ್ಯೆ ನಿಂತು ಶುರು ಮಾಡಿದರು ನೋಡಿ:

"ದಯವಿಟ್ಟು ಗಮನಿಸಿ. ಅಡುಗೆಮನೆಯ ನಲ್ಲಿ ವರ್ಷಗಳಿಂದ ತೊಟ್ಟಿಕ್ಕುತ್ತಿದೆ. ಮಲಗುವ ಕೋಣೆಯ ಕಿಟಕಿ ಹಾಕಿದರೆ ತೆಗೆಯಲು ಬರುವುದಿಲ್ಲ, ತೆಗೆದರೆ ಹಾಕಲು ಬರುವುದಿಲ್ಲ. ಬಚ್ಚಲಿನ ಚಿಲಕ ಒಳಗಿರುವವರ ಮರ್ಯಾದೆ ಕಾಪಾಡುವುದಿಲ್ಲ. ಮೂಲೆಯಲ್ಲಿ ಗೋಡೆ ಬಿರುಕು ಬಿಟ್ಟಿದ್ದು, ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಲಾಗಿದೆ."

"ಭೇಷ್. ಇನ್ನೂ" ಎಂದರು ಪೋಸ್ಟ್‌ಮಾಸ್ಟರು.

"ಮೆಟ್ಟಿಲು ಹತ್ತುವಷ್ಟರಲ್ಲಿ ಮಂಡಿ ಸವೆಯುತ್ತದೆ. ಎದುರುಮನೆಯವರು ಹೇಳದೆ ಕೇಳದೆ ಒಳಗೆ ಬರುತ್ತಾರೆ."

"ಅದು ಬೇಡಿತ್ತು" ಎಂದು ಪೋಸ್ಟ್‌ಮಾಸ್ಟರು ಹೇಳುತ್ತಿರುವಾಗಲೇ ಬಾಗಿಲ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು.

ತೆರೆದ ಬಾಗಿಲಲ್ಲಿ ಬೀಗದಕೈ ಇಂಗು ತಿಂದ ಮಂಗನಂತೆ ನಿಂತಿದ್ದ. ಕೀಲಿಗೊಂಚಲು ಸದ್ದು ಮಾಡದಿರಲೆಂದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಅವನ ಪಕ್ಕದಲ್ಲಿ ದಪ್ಪ ಮೀಸೆಯ ಹಾರ್ಡ್‌ವೇರಿನವರು. ಅಷ್ಟೂ ಕೇಳಿಸಿಕೊಂಡಿದ್ದಾರೆ ಅನ್ನುವುದು ಅವರ ಮುಖದಲ್ಲೇ ಬರೆದಿತ್ತು. ಅನೌನ್ಸರು ಹೆಂಡತಿಯ ಕಡೆ ನೋಡಿದರು. ಆಕೆ ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿಕೊಂಡುಬಿಟ್ಟಿದ್ದರು.

"ನಿಲ್ಲಿಸ್ಬೇಡಿ, ಮುಂದುವರಿಸಿ" ಎಂದರು ಹಾರ್ಡ್‌ವೇರಿನವರು. "ಎಲ್ಲಿ ಆ ಬಿರುಕು, ತೋರ್ಸಿ."

ಅನೌನ್ಸರು ಕ್ಯಾಲೆಂಡರ್ ತೆಗೆದರು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿದೆ? ಹಾರ್ಡ್‌ವೇರಿನವರು ಬಿರುಕನ್ನು ಬೆರಳಿನಿಂದ ಸವರಿ ನೋಡಿದರು. ನಲ್ಲಿ ತಿರುಗಿಸಿದರು. ಚಿಲಕ ಅಲ್ಲಾಡಿಸಿದರು. ಕಿಟಕಿಯ ಜೊತೆ ಸ್ವಲ್ಪ ಹೊತ್ತು ಗುದ್ದಾಡಿದರು. ಒಂದೊಂದು ದೋಷ ಕಂಡಂತೆಲ್ಲ ಅವರ ಮುಖ ಅರಳುತ್ತ ಹೋಯಿತು.

"ವಾಷರು ನಮ್ಮಂಗಡೀಲಿದೆ. ಚಿಲಕ ನಮ್ಮಂಗಡೀಲಿದೆ. ಬಿರುಕಿಗೆ ಹಚ್ಚೋದೂ ಇದೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಅನೌನ್ಸರ ಎರಡೂ ಕೈ ಹಿಡಿದರು. "ನಾನೆಷ್ಟೋ ಮನೆ ನೋಡ್ದೆ ಸ್ವಾಮಿ. ಎಲ್ಲರೂ ಅಂಗೈಯಲ್ಲಿ ಆಕಾಶ ತೋರಿಸೋರೇ. ಮನೆ ನೋಡೋಕೆ ಬಂದೋನಿಗೆ ಮನೆಯ ಹುಳುಕು ತಾವಾಗಿ ಕೂಗಿ ಹೇಳೋರನ್ನ ಇವತ್ತೇ ಕಂಡಿದ್ದು. ಇಂಥೋರ ಹತ್ರ ಚೌಕಾಸಿ ಮಾಡಿದ್ರೆ ನನಗೆ ಒಳ್ಳೇದಾಗಲ್ಲ. ಹೇಳಿದ ಬೆಲೆಗೆ ತಗೋತೀನಿ. ಈಗಲೇ ಮುಂಗಡ ಕೊಡ್ತೀನಿ."

ಬೀಗದಕೈಯ ಮುಖಕ್ಕೆ ಜೀವ ಬಂತು. "ನಾನೇ ಹಾಗೆ ಹೇಳಿ ಅಂತ ಹೇಳ್ಕೊಟ್ಟಿದ್ದು" ಎಂದ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ನೋಡಿ, ಮೆಟ್ಟಿಲಿನ ಕಡೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿ, ಮುಖ ಒರೆಸಿಕೊಂಡು ಒಳಗೆ ಬಂದ.

"ಮೊದಲು ಆ ಮನೆ ಗಟ್ಟಿಯಾಗ್ಲಿ ರೀ" ಎಂದು ಹೆಂಡತಿ ಗಂಡನ ತೋಳು ಹಿಡಿದು ಮೆಲ್ಲಗೆ ಹೇಳಿದರು. "ಆಮೇಲೆ ಮುಂಗಡ ತಗೊಳ್ಳೋಣ. ಏನು ಅವಸರ?"

ಅನೌನ್ಸರು ಬೀಗದಕೈಯ ಮುಖ ನೋಡಿದರು.

"ಅಮ್ಮಾವ್ರೇ, ಇಂಥ ಗಿರಾಕಿ ಮತ್ತೆ ಸಿಗ್ತಾರಾ? ಸಿಸ್ಟರಿಗೆ ಸಾಹೇಬರ ಮಾತು ಎಷ್ಟು ಹಿಡಿಸ್ತು ಅಂತ ನಾನೇ ಕಣ್ಣಾರೆ ನೋಡ್ಲಿಲ್ವಾ? ಮನೆ ಹುಡುಕಿ ಕೊಡೋ ಜವಾಬ್ದಾರಿ ನಂದು" ಎಂದ ಬೀಗದಕೈ.

"ತಗೊಳ್ರೀ, ಯೋಚನೆ ಮಾಡ್ಬೇಡಿ" ಎಂದು ಪೋಸ್ಟ್‌ಮಾಸ್ಟರು ಕುರ್ಚಿಯಿಂದಲೇ ದನಿಗೂಡಿಸಿದರು. ಯಾರೂ ಅವರನ್ನು ಕೇಳಿರಲಿಲ್ಲ.

ಮನೆ ಮಾರುವವರಿಗೆ ನಾನು ಹೇಳುವುದೇನಾದರೂ ಇದ್ದರೆ, ಈ ಘಳಿಗೆಯಲ್ಲಿ ಹೆಂಡತಿಯ ಮಾತು ಕೇಳಿ ಅನ್ನುವುದಷ್ಟೇ. ಅನೌನ್ಸರು ಕೇಳಲಿಲ್ಲ. ಆ ಬೆಂಚು, ಆ ಮರ ಕಣ್ಮುಂದೆಯೇ ಇತ್ತು. ಮುಂಗಡ ತೆಗೆದುಕೊಂಡು ಸಹಿ ಹಾಕಿದರು, ಹೆಂಡತಿಯ ಕೈಯಲ್ಲೂ ಹಾಕಿಸಿದರು. ಹಿಂದೆ ಸರಿದರೆ ತೆಗೆದುಕೊಂಡದ್ದರ ಎರಡರಷ್ಟು ಕೊಡಬೇಕು, ತಿಂಗಳೊಳಗೆ ಮನೆ ಬಿಡಬೇಕು ಎಂದು ಮಾತಾಯಿತು. ಹಾರ್ಡ್‌ವೇರಿನವರು ಹೋಗುವಾಗ ಇನ್ನೊಮ್ಮೆ ಕೈಮುಗಿದರು. ಪೋಸ್ಟ್‌ಮಾಸ್ಟರೂ ಬೀಗದಕೈಯ ಹಿಂದೆಯೇ ಏನೋ ಕೇಳುತ್ತ ಮೆಟ್ಟಿಲಿಳಿದರು.

ಸಂಜೆ ಅನೌನ್ಸರು ಅಳುಮೋರೆಯನ್ನೂ ಸೇರಿಸಿ ಎಲ್ಲ ಸಿದ್ಧ ಮಾಡಿಕೊಂಡು ಕೂತಿದ್ದಾಗ ಬೀಗದಕೈಯ ಫೋನು ಬಂತು. ಹೆಂಡತಿಗೂ ಕೇಳಿಸಲೆಂದು ಅವರು ಸ್ಪೀಕರ್ ಒತ್ತಿದರು.

"ಸಾರ್, ಸಿಸ್ಟರ್ ಮನೆಗೆ ಹೋಗೋದು ಬೇಡ. ಆಕೆ ಮಾರಲ್ವಂತೆ."

"ಯಾಕೆ? ಬೆಲೆ ಸಾಲ್ದಾ?"

"ಬೆಲೆ ಅಲ್ಲ ಸಾರ್. ನಿಮ್ಮ ಮಾತು ಕೇಳಿದ ಮೇಲೆ, ಇಂಥ ಮನೆ ಬಿಟ್ಟು ನಾನ್ಯಾಕೆ ತಂಗಿ ಮನೆ ಮೂಲೇಲಿ ಬಿದ್ದಿರ್ಲಿ ಅಂತ ಅನ್ನಿಸ್ತಂತೆ. ಆ ಬೆಂಚಿನ ಮೇಲೆ ಕೂತೇ ಫೋನ್ ಮಾಡಿದ್ರು. ನಿಮ್ಮಿಂದ ತುಂಬ ಉಪಕಾರ ಆಯ್ತು ಅಂತ ಹೇಳೋಕೆ ಹೇಳಿದ್ರು."

ಅನೌನ್ಸರು ಫೋನನ್ನು ಬಾಯಿಗೆ ಹತ್ತಿರ ತಂದರು. "ಯಾವಾಗ ಫೋನ್ ಮಾಡಿದ್ರು?"

"ಮಧ್ಯಾಹ್ನ ಸಾರ್. ನಿಮ್ಮ ಮನೇಲಿದ್ದಾಗ."

"ಮುಂಗಡ ತಗೊಳ್ಳೋ ಮುಂಚೆ? ಮತ್ತೆ ಆಗಲೇ ಯಾಕಯ್ಯಾ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ ಸಾರ್? ಆಗ ನಾನು ಹಾರ್ಡ್‌ವೇರಿನವರ ಕಡೆ ಏಜೆಂಟಾಗಿ ಬಂದಿದ್ದೆ. ಅವರ ವ್ಯವಹಾರಕ್ಕೆ ನಾನೇ ಕಲ್ಲು ಹಾಕೋದು ನ್ಯಾಯಾನಾ?" ಬೀಗದಕೈಯ ಧ್ವನಿಯಲ್ಲಿ ನಿಜವಾದ ನೋವಿತ್ತು. "ಈಗ ಮತ್ತೆ ನಿಮ್ಮ ಕಡೆಗೆ ಬಂದಿದೀನಿ. ನಿಮ್ಮನ್ನ ಬೀದೀಲಿ ಬಿಡ್ತೀನಾ? ಬೇರೆ ನೆಲಮಹಡಿ ಸದ್ಯಕ್ಕಿಲ್ಲ, ಹುಡುಕ್ತೀನಿ. ಅಲ್ಲೀವರೆಗೆ ಒಂದು ಬಾಡಿಗೆ ಮನೆ ನೋಡಿದೀನಿ. ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಇವತ್ತು ತಾನೇ ನನ್ನ ಕೈಗೆ ಬಂತು."

ಮುಳುಗುವವರಿಗೆ ಹಗ್ಗ ಸಿಕ್ಕಂತಾಯಿತು. ಅನೌನ್ಸರು ಹೆಂಡತಿಯ ಕಡೆ ನೋಡಿದರು. ಆಕೆ ಈ ಸಲ ಮಾತನ್ನು ಗಂಡನಿಗೆ ಬಿಡಲಿಲ್ಲ. ಫೋನಿಗೆ ಬಗ್ಗಿ, "ಮನೆ ಹೇಗಿದೆ ಹೇಳಿ. ಗಾಳಿ ಬೆಳಕು?" ಎಂದರು.

"ಧಾರಾಳ ಅಮ್ಮಾವ್ರೇ. ನಲ್ಲಿ, ಚಿಲಕ ಎಲ್ಲ ಹೊಸದಾಗಿ ಹಾಕಿಸ್ತಾರಂತೆ. ಮಾಲೀಕರು ಚಿನ್ನದಂಥ ಮನುಷ್ಯ."

"ಅಕ್ಕಪಕ್ಕ?"

"ಒಳ್ಳೆ ಜನ. ಎದುರುಮನೇಲಿ ಒಬ್ಬರು ರಿಟೈರ್ ಪೋಸ್ಟ್‌ಮಾಸ್ಟರು. ಸ್ವಲ್ಪ ಬಾಯಿ ಜಾಸ್ತಿ, ಅಷ್ಟೇ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಇದು ನಮ್ಮ ಮನೆ" ಎಂದರು ಅನೌನ್ಸರು.

"ಆಗಿತ್ತು ಸಾರ್" ಎಂದು ಬೀಗದಕೈ ಮೆತ್ತಗೆ ತಿದ್ದಿದ. "ಹಾರ್ಡ್‌ವೇರಿನವರು ಕೊಂಡಿದ್ದೇ ಬಾಡಿಗೆಗೆ ಬಿಡೋಕೆ. ಮೇಲಿನ ಮಹಡಿ ಅಂತ ಬೇಜಾರು ಮಾಡ್ಕೋಬೇಡಿ. ಸಾಮಾನು ಸಾಗಿಸೋ ಖರ್ಚೂ ಇಲ್ಲ ನೋಡಿ. ನನಗೆ ಬಾಡಿಗೆ ಮನೆ ಕೊಡಿಸಿದ ಕಮಿಷನ್ ಒಂದು ಕೊಟ್ರೆ ಆಯ್ತು. ಬೇಗ ಹೇಳಿ ಸಾರ್, ಪೋಸ್ಟ್‌ಮಾಸ್ಟರು ತಮ್ಮ ಅಳಿಯನಿಗೆ ಬೇಕು ಅಂತ ಮಧ್ಯಾಹ್ನದಿಂದ ಬೆನ್ನು ಹತ್ತಿದಾರೆ."

ಅನೌನ್ಸರಿಗೆ ಸಿಟ್ಟು ಬಂತು, ಅಳು ಬಂತು, ಕೊನೆಗೆ ಎರಡಕ್ಕಿಂತ ಹೆದರಿಕೆ ಮುಂದಾಯಿತು. "ನಾವೇ ತಗೋತೀವಿ ಕಣಯ್ಯಾ, ನಾವೇ" ಎಂದು ಒಂದೇ ಉಸಿರಿಗೆ ಹೇಳಿದರು.

"ಒಳ್ಳೇದು ಸಾರ್. ಇನ್ನೊಂದು ವಿಷ್ಯ. ಮನೆ ನಿಮ್ಮಿಬ್ಬರ ಹೆಸರಲ್ಲೂ ಇದೆಯಲ್ಲ, ರಿಜಿಸ್ಟ್ರೇಷನ್ನಿಗೆ ಅಮ್ಮಾವ್ರೂ ಬರ್ಲೇಬೇಕು. ಆಫೀಸು ನೆಲಮಹಡೀಲೇ ಇದೆ, ಚಿಂತೆ ಮಾಡ್ಬೇಡಿ."

ಫೋನಿಟ್ಟ ಮೇಲೆ ಅನೌನ್ಸರು ತಲೆ ಎತ್ತಲಿಲ್ಲ. ಹೆಂಡತಿಗೆ ಹೇಳಬೇಕಾದ ಮಾತು ಬೇಕಾದಷ್ಟಿತ್ತು, ಒಂದೂ ಬಾಯಿಪಾಠವಿರಲಿಲ್ಲ. "ನಾನು... ನಿನ್ನ... ಹೇಗಾದ್ರೂ ಮಾಡಿ..." ಎಂದು ತಡವರಿಸಿದರು.

ಆಕೆ ಅವರ ಬಕ್ಕ ತಲೆಯ ಮೇಲೆ ಕೈಯಿಟ್ಟರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಹೋಗ್ಲಿ ಬಿಡ್ರೀ" ಎಂದರು. "ಕೊನೆಗೂ ನನ್ನ ಒಂದಿನ ಕೆಳಗಿಳಿಸೋ ಹಾಗೆ ಮಾಡಿದ್ರಲ್ಲ. ಯಾವ ಸೀರೆ ಉಡ್ಲಿ ಹೇಳಿ."